ಸೂಯೆಜ್ ದಾಟುವಾಗ ನಾನು ಮಲಗಿದ್ದೆ

ವಿಲಾಯಿತಿಗೆ ಹೋಗಿ ಬಂದವರು ಸೂಯೆಜ್ ಕಾಲುವೆಯ ವಿಷಯ ಹೇಳದೆ ಬಿಡುವುದಿಲ್ಲ. ನನ್ನನ್ನೂ ಬಹಳ ಜನ ಕೇಳಿದರು. ನಿಜ ಹೇಳಿಬಿಡುತ್ತೇನೆ: ನಮ್ಮ ಹಡಗು ಸೂಯೆಜ್ ದಾಟುವಾಗ ನಾನು ಮಲಗಿದ್ದೆ. ಏಡನ್ನಿನಲ್ಲಿ ಅರ್ಧ ಮಲಗಿದ್ದೆ. ಈ ಬರಹದಲ್ಲಿ ಕಣ್ಣು ತೆರೆದು ಕಂಡದ್ದು ಯಾವುದು, ಕಣ್ಣು ಮುಚ್ಚಿ ಕಂಡದ್ದು ಯಾವುದು ಎಂದು ಕೆಲವು ಕಡೆ ನನಗೇ ಅನುಮಾನ. ಓದುವವರು ದಯವಿಟ್ಟು ಇದನ್ನು ಸೋಮಾರಿತನ ಎಂದುಕೊಳ್ಳಬಾರದು. ಇದೊಂದು ರೋಗ. ಅದನ್ನು ತೋರಿಸುವುದಕ್ಕೆಂದೇ ನಾನು ಸಮುದ್ರ ದಾಟಿದ್ದು.

ಮೈಸೂರು

ನನ್ನ ಹೆಸರು ಚಿಕ್ಕಣ್ಣ. ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸ. ನಮ್ಮಪ್ಪ ಇಲವಾಲದಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದರು. ಗಾಡಿಯ ಮೂಕಿಯ ಮೇಲೆ ಕೂತಲ್ಲೇ ನಿದ್ದೆ ಹೋಗುತ್ತಿದ್ದರು. ಎತ್ತುಗಳಿಗೆ ದಾರಿ ಗೊತ್ತಿದ್ದರಿಂದ ಹೇಗೋ ಮನೆ ಸೇರುತ್ತಿದ್ದರು. ಊರವರು ಅವರನ್ನು ತೂಕಡಿಕೆ ಮರಿಯಪ್ಪ ಎಂದೇ ಕರೆದರು, ಹಾಗೇ ಕರೆಸಿಕೊಂಡು ಸತ್ತರು. ನನಗೆ ಹದಿನೇಳನೇ ವಯಸ್ಸಿಗೆ ಅದೇ ಶುರುವಾಯಿತು. ನನ್ನನ್ನು ಮನೆ ಸೇರಿಸಲು ಎತ್ತುಗಳಿರಲಿಲ್ಲ, ಕೈಯಲ್ಲಿ ಒಂದು ಪೆನ್ನಿತ್ತು.

ಮಧ್ಯಾಹ್ನವಾದರೆ ಸಾಕು, ಗೆರೆ ಎಳೆಯುತ್ತಿರುವಾಗಲೇ ನಿದ್ದೆ ಬರುತ್ತಿತ್ತು. ವಿಚಿತ್ರವೆಂದರೆ ಕೈ ನಿಲ್ಲುತ್ತಿರಲಿಲ್ಲ. ಹೀಗೇ ಒಮ್ಮೆ ಹೂಟಗಳ್ಳಿಯ ನಕ್ಷೆಯಲ್ಲಿ ಇಲ್ಲದ ಹಳ್ಳವೊಂದನ್ನು ಎಳೆದುಬಿಟ್ಟೆ. ಬಹಳ ಚೆಂದದ ಹಳ್ಳ. ಎರಡು ಕಡೆ ಬಳುಕಿ, ಬೋರೇಗೌಡ ಎಂಬುವರ ಹೊಲದ ನಡುವೆ ಹಾದುಹೋಗುತ್ತಿತ್ತು. ಕೆಲವು ತಿಂಗಳ ಮೇಲೆ ಗೌಡರು ನಕ್ಷೆಯ ನಕಲು ಹಿಡಿದು ಆಫೀಸಿಗೇ ಬಂದರು. ಸಾಹೇಬರ ಮುಂದೆ ಅದನ್ನು ಹರಡಿ, ಬಲು ವಿನಯದಿಂದ ಕೇಳಿದರು:

"ಸ್ವಾಮಿ, ನಮ್ಮ ತಾತನ ಕಾಲದಿಂದ ಆ ಹೊಲ ಉಳ್ತಾ ಇದೀವಿ. ಈ ಹಳ್ಳ ಎಲ್ಲೈತೆ ವಸಿ ತೋರ್ಸುಬುಡಿ. ಎಮ್ಮೆ ಬಾಯಾರ್ಕೊಂಡು ನಿಂತದೆ."

ನನಗೆ ನಗು ಬಂತು. ಬರಬಾರದಿತ್ತು. ನನ್ನ ರೋಗದ ಇನ್ನೊಂದು ಕಾಟ ಅದು. ನಕ್ಕರೆ ಮೈಯ ಬಲವೆಲ್ಲ ಯಾರೋ ದಾರ ಎಳೆದುಕೊಂಡ ಹಾಗೆ ಬಿಟ್ಟುಹೋಗುತ್ತದೆ. ಮೊದಲು ಗದ್ದ ಜೋಲುತ್ತದೆ, ಆಮೇಲೆ ಮಂಡಿ ಮಡಚುತ್ತದೆ. ಅದಕ್ಕೇ ನಾನು ನಗುವುದನ್ನೇ ಬಿಟ್ಟಿದ್ದೆ. ಮನೆಯಲ್ಲಿ ಮಗಳು ಶಾರದೆ ತೊದಲು ಮಾತಾಡುವಾಗ ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದೆ. ಬಂಧುಗಳ ಬಾಯಲ್ಲಿ ನಾನು ಬಿಗುಮಾನದ ಮನುಷ್ಯ. ಆ ದಿನ ಮಾತ್ರ ತಡೆಯಲಾಗಲಿಲ್ಲ. ಗೌಡರ ಕಾಲ ಬಳಿಯೇ ಕುಸಿದೆ.

"ಕುಡಿದು ಬಂದಿದೀಯೇನಯ್ಯ?" ಎಂದರು ಸಾಹೇಬರು. ಸಂಬಳವಿಲ್ಲದ ರಜೆ ಬರೆಸಿಕೊಂಡು, ನಿನ್ನ ರೋಗಕ್ಕೆ ಹೆಸರಿದ್ದರೆ ಕಾಗದದ ಮೇಲೆ ಬರೆಸಿಕೊಂಡು ಬಾ, ಇಲ್ಲದಿದ್ದರೆ ಬರಬೇಡ ಎಂದು ಕಳಿಸಿದರು.

ಆಸ್ಪತ್ರೆಯಲ್ಲಿ ಡಾಕ್ಟರ್ ನರಹರಿ ಎಂಬುವರು ಸಿಕ್ಕಿದ್ದು ನನ್ನ ಪುಣ್ಯ. ನನ್ನ ಮಾತೆಲ್ಲ ಕೇಳಿದರು. ಒಂದು ಕಡೆಯೂ ನಗಲಿಲ್ಲ. ಅಪ್ಪನ ವಿಷಯ ಬಂದಾಗ ಮಾತ್ರ ಬರೆಯುವುದನ್ನು ನಿಲ್ಲಿಸಿ ಮುಖ ನೋಡಿದರು.

"ಚಿಕ್ಕಣ್ಣನವರೇ, ನೀವು ಸೋಮಾರಿಯಲ್ಲ. ಇದು ಅಪರೂಪದ ಕಾಯಿಲೆ. ತಂದೆಗೂ ಮಗನಿಗೂ ಬಂದದ್ದು ಇನ್ನೂ ಅಪರೂಪ. ಇದನ್ನೇ ಹಿಡಿದು ಕೂತಿರುವ ಪ್ರೊಫೆಸರ್ ಒಬ್ಬರು ಬ್ರಿಸ್ಟಲ್‌ನಲ್ಲಿದ್ದಾರೆ. ನನಗೆ ಪಾಠ ಹೇಳಿದವರು. ಬರೆದು ನೋಡಲೇ?"

ಬರೆದರು. ಉತ್ತರ ಬಂತು. ರೋಗಿಯನ್ನು ಕರೆತರಬೇಕು, ಹಡಗಿನ ಖರ್ಚು ಸಂಶೋಧನೆಯ ನಿಧಿಯದು ಎಂದಿತ್ತು. ಡಾಕ್ಟರು ತಾವೂ ಓದಿನ ರಜೆ ಹಾಕಿ ಹೊರಟರು.

ನನ್ನ ಹೆಂಡತಿ ಜಯಮ್ಮ ಮೊದಲು ನಂಬಲೇ ಇಲ್ಲ. "ನಿದ್ದೆ ಮಾಡೋಕೆ ಸೀಮೆಗೆ ಹೋಗ್ಬೇಕಾ ಕಣ್ರೀ? ಇಲ್ಲೇ ಚಾಪೆ ಹಾಸ್ಕೊಡ್ತೀನಿ" ಎಂದಳು. ಹೊರಡುವ ದಿನ ಟ್ರಂಕಿಗೆ ಬಟ್ಟೆ ಜೋಡಿಸುತ್ತ, ನನ್ನ ಕಡೆ ನೋಡದೆ ಹೇಳಿದಳು: "ಒಂದೇ ಒಂದ್ ಮಾತು ಕೇಳ್ಕೊಂಡ್ ಬಂದ್ಬುಡಿ. ನಮ್ ಶಾರದೆಗೂ ಬರ್ತದಾ ಅಂತ."

ಹಡಗು

ಮುಂಬಯಿಯಲ್ಲಿ ಹಡಗು ಹತ್ತಿದ ಮೇಲೆ ನೆನಪುಗಳು ನೀರಿನಲ್ಲಿ ಅದ್ದಿ ತೆಗೆದ ಹಾಗಿವೆ. ನಾನು ಹಡಗಿನ ಅಂಚಿನ ಕಟಾಂಜನದ ಹತ್ತಿರ ನಿಂತು ನಿದ್ದೆ ಹೋದರೇನು ಗತಿ ಎಂದು ಡಾಕ್ಟರಿಗೆ ದಿಗಿಲು. ಬೆಳಿಗ್ಗೆ ತಿಂಡಿಯಾದ ಮೇಲೆ ನನ್ನನ್ನು ಕ್ಯಾನ್‌ವಾಸ್ ಕುರ್ಚಿಯಲ್ಲಿ ಕೂರಿಸಿ, ತಮ್ಮ ಶಾಲಿನಿಂದ ಸೊಂಟಕ್ಕೆ ಸಡಿಲವಾಗಿ ಕಟ್ಟಿ, ಪಕ್ಕದಲ್ಲಿ ಓದುತ್ತ ಕೂರುತ್ತಿದ್ದರು.

ಎಲ್ಲರಿಗೂ ನಿದ್ದೆ ಬಂದ ಮೇಲೆ ಕನಸು. ನನಗೆ ಕನಸು ಮೊದಲು ಬರುತ್ತದೆ, ನಿದ್ದೆ ಅದರ ಹಿಂದೆ. ಕಣ್ಣು ಇನ್ನೂ ತೆರೆದಿರುವಾಗಲೇ ಕಾಣುತ್ತಿರುವ ವಸ್ತುವಿನೊಳಕ್ಕೆ ಕಾಣದ್ದೊಂದು ಮೆಲ್ಲಗೆ ಇಳಿದು ಕೂತುಬಿಡುತ್ತದೆ. ಒಂದು ದಿನ ಸಮುದ್ರದ ನಡುವಿನಿಂದ ಚಾಮುಂಡಿ ಬೆಟ್ಟ ಎದ್ದಿತು. ಕೆಳಗಿನ ಮೆಟ್ಟಿಲುಗಳಿಗೆ ಅಲೆ ಬಡಿಯುತ್ತಿತ್ತು. ಹಣ್ಣುಕಾಯಿ ಮಾರುವವಳು ಸೀರೆಯ ನೆರಿಗೆ ಎತ್ತಿ ಹಿಡಿದು, ಬುಟ್ಟಿ ನೆನೆಯದ ಹಾಗೆ ಒಂದೊಂದೇ ಮೆಟ್ಟಿಲು ಮೇಲಕ್ಕೆ ಸರಿಯುತ್ತಿದ್ದಳು. "ಬೆಟ್ಟ ಬಂತು ಡಾಕ್ಟ್ರೇ" ಎಂದೆ. "ಅದು ಏಡನ್ನಿನ ಬಂಡೆ, ಚಿಕ್ಕಣ್ಣ" ಎಂದರು. ಬಂಡೆಯೇ ಇರಬೇಕು. ಆದರೆ ತೆಂಗಿನಕಾಯಿಯ ವಾಸನೆ ನನ್ನ ಮೂಗಿನಲ್ಲಿ ಬಹಳ ಹೊತ್ತು ಇತ್ತು.

ಸೂಯೆಜ್‌ನಲ್ಲಿ ಅವರು ಭುಜ ಹಿಡಿದು ಅಲ್ಲಾಡಿಸಿದರು. ಕಣ್ಣು ಬಿಟ್ಟರೆ ಹಡಗು ಮೈಸೂರಿನ ನಜರ್‌ಬಾದಿನ ನಮ್ಮ ಬೀದಿಯಲ್ಲಿ ಹೋಗುತ್ತಿತ್ತು. ದಡದಲ್ಲಿ ಒಂಟೆಯೊಂದು ನಮ್ಮ ಜೊತೆಜೊತೆಗೇ ನಡೆಯುತ್ತಿತ್ತು. ಜಯಮ್ಮ ಅದರ ಮೇಲಿನ ನುಗ್ಗೆಕಾಯಿ ಕಟ್ಟಿಗೆ ಚೌಕಾಸಿ ಮಾಡುತ್ತಿದ್ದಳು. ಆಮೇಲೆ ಡಾಕ್ಟರು ಹೇಳಿದರು, ಒಂಟೆ ಮಾತ್ರ ನಿಜ ಎಂದು.

ಹಡಗಿನಲ್ಲಿ ಒಬ್ಬ ಇಂಗ್ಲಿಷ್ ಮುದುಕಿ ಇದ್ದಳು. ನಾನು ಕುರ್ಚಿಯಲ್ಲಿ ತಲೆ ಜೋಲಿಸಿದಾಗಲೆಲ್ಲ ಬಂದು ಕಂಬಳಿ ಹೊದಿಸಿ ಹೋಗುತ್ತಿದ್ದಳು. ನಮ್ಮಲ್ಲಿ ಹಗಲು ಮಲಗಿದವನನ್ನು ಎಬ್ಬಿಸಿ ಬುದ್ಧಿ ಹೇಳುತ್ತಾರೆ. ಎಚ್ಚರವಾದಾಗ ಮೈಮೇಲೆ ಕಂಬಳಿ ಇರುವುದು ನನಗೆ ಹೊಸ ಅನುಭವ. ಅವಳ ಹೆಸರು ಕೊನೆವರೆಗೂ ತಿಳಿಯಲಿಲ್ಲ.

ಬ್ರಿಸ್ಟಲ್, ಮೊದಲ ವಾರ

ಆ ಊರಿನ ಮಂಜು ಕಿಟಕಿಯ ತನಕ ಬಂದು ನಿಲ್ಲುತ್ತಿತ್ತು, ಒಳಗೆ ಬರಲೇ ಎಂದು ಕೇಳುವ ಹಾಗೆ. ಆಸ್ಪತ್ರೆಯ ದೊಡ್ಡ ವಾರ್ಡಿನಲ್ಲಿ ದಮ್ಮಿನವರು, ಹೊಟ್ಟೆ ಹುಣ್ಣಿನವರು, ನಮ್ಮೂರಲ್ಲಿ ಕಾಣುವ ರೋಗದವರೇ ಇದ್ದರು. ಅದರಾಚೆಯ ಸಣ್ಣ ವಾರ್ಡು ನಮ್ಮದು, ಅಪರೂಪದವರದು. ಪ್ರೊಫೆಸರು ಎತ್ತರದ, ಬಗ್ಗಿದ ಬೆನ್ನಿನ ಮನುಷ್ಯ. ಬಾಯಲ್ಲಿ ಹಚ್ಚದ ಪೈಪು. ಕುರ್ಚಿಗೆ ಕಾಲು ತಗುಲಿದರೆ ಕುರ್ಚಿಗೇ "ಸಾರಿ" ಎನ್ನುತ್ತಿದ್ದರು.

ಮೊದಲ ಪರೀಕ್ಷೆಯೇ ಎಡವಟ್ಟಾಯಿತು. ತಲೆಯ ಮೇಲೆ ಬೆಳ್ಳಿಯ ಸಣ್ಣ ಬಿಲ್ಲೆಗಳನ್ನು ಅಂಟಿಸಿ, ಮೆದುಳಿನ ವಿದ್ಯುತ್ತನ್ನು ಯಂತ್ರದಲ್ಲಿ ಬರೆಸಬೇಕು. ಹುಡುಗಿಯೊಬ್ಬಳು ಅಂಟು ಹಚ್ಚಿ ಬಿಲ್ಲೆ ಇಟ್ಟಳು, ಜಾರಿತು. ಮತ್ತೆ ಇಟ್ಟಳು, ಕಿವಿಯ ಹತ್ತಿರ ಬಂತು. ಜಯಮ್ಮ ಕಟ್ಟಿಕೊಟ್ಟಿದ್ದ ಕೊಬ್ಬರಿ ಎಣ್ಣೆಯನ್ನು ಆ ಚಳಿಗೆ ನಾನು ಧಾರಾಳವಾಗಿ ತಟ್ಟಿಕೊಂಡಿದ್ದೆ. ಮೂರು ಸಲ ತಲೆ ತೊಳೆದರು. ಸೀಗೆಕಾಯಿ ಒಂದು ಹಿಡಿ ಇದ್ದಿದ್ದರೆ ಒಂದೇ ಸಲಕ್ಕೆ ಆಗುತ್ತಿತ್ತು ಎಂದು ಹೇಳಬೇಕೆನಿಸಿತು, ಇಂಗ್ಲಿಷ್ ಸಾಲಲಿಲ್ಲ.

ಕೊನೆಗೆ ಯಂತ್ರ ಓಡಿತು. ಉದ್ದನೆಯ ಕಾಗದ ಸರಿಯುತ್ತಿದೆ, ಅದರ ಮೇಲೆ ಎಂಟು ಪೆನ್ನುಗಳು ಒಟ್ಟಿಗೆ ಗೆರೆ ಎಳೆಯುತ್ತಿವೆ! ನನಗೆ ನನ್ನ ಆಫೀಸಿಗೇ ಬಂದ ಹಾಗಾಯಿತು. ಅಷ್ಟರಲ್ಲಿ ನಿದ್ದೆ ಹತ್ತಿತು. ಎಚ್ಚರವಾದಾಗ ಪ್ರೊಫೆಸರು, ಡಾಕ್ಟರ್ ನರಹರಿ ಇಬ್ಬರೂ ಕಾಗದದ ಮೇಲೆ ಬಗ್ಗಿ, ಬೆರಳಿಟ್ಟು ಬೆರಳಿಟ್ಟು ನೋಡುತ್ತಿದ್ದರು. ನಾನು ನಿದ್ದೆಯಲ್ಲಿ ಎಳೆದ ಗೆರೆಗಳನ್ನು ಯಾರಾದರೂ ಅಷ್ಟು ಗೌರವದಿಂದ ನೋಡಿದ್ದು ಅದೇ ಮೊದಲು.

ಗ್ವೆನ್

ಎದುರು ವಾರ್ಡಿನಲ್ಲಿ ಗ್ವೆನ್ ಎಂಬ ಹೆಂಗಸಿದ್ದಳು. ವೇಲ್ಸ್ ಕಡೆಯವಳು, ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ನನ್ನದೇ ರೋಗ. ಟಿಕೆಟ್ ಕೊಡುತ್ತ ಕೊಡುತ್ತ ನಿಂತಲ್ಲೇ ನಿದ್ದೆ ಹೋಗಿ, ಒಬ್ಬನೇ ಪ್ರಯಾಣಿಕನಿಗೆ ಇಡೀ ಕಟ್ಟನ್ನೇ ಹರಿದುಕೊಟ್ಟಿದ್ದಳಂತೆ. ಇನ್ನೊಮ್ಮೆ ಬಸ್ಸಿನಲ್ಲೇ ನಕ್ಕು ಬಿದ್ದಳಂತೆ, ಕೆಲಸ ಹೋಯಿತು.

ಕೂರುವ ಕೋಣೆಯಲ್ಲಿ ಚಹಾ ಕುಡಿಯುವಾಗ ಇದನ್ನು ನನಗೆ ಹೇಳಿದಳು. ಅವಳ ಇಂಗ್ಲಿಷಿಗೆ ಹಾಡಿನ ಏರಿಳಿತ. ನನ್ನದಕ್ಕೆ ಕನ್ನಡದ ಕಾಲು. ಹಾಗೂ ಹೀಗೂ ಅರ್ಥವಾಯಿತು.

"ಅವನು ಏನು ಮಾಡಿದ, ಅಷ್ಟು ಟಿಕೆಟ್?" ಎಂದು ಕೇಳಿದೆ.

"ಇಳಿಯುವಾಗ ಹೇಳಿದ, ಇಷ್ಟರಲ್ಲಿ ನಾನು ಸ್ಕಾಟ್ಲೆಂಡಿಗೇ ಹೋಗಬಹುದಿತ್ತಲ್ಲಮ್ಮ ಎಂದು."

ಹೇಳುತ್ತಿದ್ದಂತೆ ಅವಳ ಗದ್ದ ಜೋತಿತು. ಅದನ್ನು ನೋಡಿದೆ. ನನ್ನ ಗದ್ದ ಜೋಲುವಾಗ ಹೇಗೆ ಕಾಣುತ್ತದೆಂದು ನನಗೆ ಗೊತ್ತಿರಲಿಲ್ಲ. ಈಗ ಎದುರಿಗೇ ಕಂಡಿತು. ನನಗೂ ನಗು ಬಂತು. ಅವಳು ಸೋಫಾದ ಮೇಲೆ ವಾಲಿದಳು, ನಾನು ಕುರ್ಚಿಯಿಂದ ಜಾರಿ ಕಾರ್ಪೆಟ್ಟಿಗೆ ಬಂದೆ. ಚಹಾ ಚೆಲ್ಲಿತು. ನರ್ಸು ಓಡಿ ಬಂದಳು. ಒಂದೆರಡು ನಿಮಿಷದಲ್ಲಿ ಬಲ ಮರಳಿತು. ಇಬ್ಬರೂ ಎದ್ದು ಕೂತು, ಮತ್ತೆ ನಗು ಬರದಿರಲಿ ಎಂದು ಒಬ್ಬರ ಮುಖ ಒಬ್ಬರು ನೋಡದೆ ಕಿಟಕಿ ಕಡೆ ನೋಡಿದೆವು. ಹೊರಗೆ ಮಂಜು ಕರಗಿ, ಒದ್ದೆ ಛಾವಣಿಗಳು ಒಂದೊಂದಾಗಿ ಮೇಲೆ ಬರುತ್ತಿದ್ದವು. ಆ ಸುಖವನ್ನು ನಾನು ಹೇಗೆ ವಿವರಿಸಲಿ? ಹದಿನೇಳನೇ ವಯಸ್ಸಿನಿಂದ ಒಬ್ಬನೇ ಆಡಿಕೊಂಡಿದ್ದ ಭಾಷೆಯಲ್ಲಿ ಯಾರೋ ಉತ್ತರ ಕೊಟ್ಟಿದ್ದರು.

ಎರಡು ಸೀಸೆ

ಆಮೇಲೆ ಗುಳಿಗೆಗಳ ಪ್ರಯೋಗ. ಎರಡು ವಾರ ಒಂದು ಸೀಸೆಯದು, ಎರಡು ವಾರ ಇನ್ನೊಂದರದು. ಒಂದರಲ್ಲಿ ಔಷಧ, ಇನ್ನೊಂದರಲ್ಲಿ ಬರೀ ಹಿಟ್ಟು. ಯಾವುದು ಯಾವುದೆಂದು ನಮಗೂ ತಿಳಿಸುವುದಿಲ್ಲ, ಕೊಡುವ ನರ್ಸಿಗೂ ತಿಳಿದಿಲ್ಲ. ಪ್ರೊಫೆಸರು ಇದನ್ನು ನಿಧಾನವಾಗಿ ವಿವರಿಸಿ, "ಒಪ್ಪಿಗೆಯೇ?" ಎಂದು ಕೇಳಿದರು. ಹಿಟ್ಟು ತಿನ್ನಿಸುವುದಕ್ಕೆ ಒಪ್ಪಿಗೆ ಕೇಳುವುದು ನನಗೆ ಸೋಜಿಗ.

ಮೊದಲ ಸೀಸೆ ಏನೂ ಮಾಡಲಿಲ್ಲ. ಎರಡನೆಯದು ಶುರುವಾದ ಎರಡನೇ ದಿನ, ಊಟದ ತಟ್ಟೆ ತೆಗೆದುಕೊಂಡು ಹೋದರು, ನಾನು ಕಿಟಕಿಯ ಪಕ್ಕ ಕೂತೆ. ಕನಸು ಬರಲಿಲ್ಲ. ಎರಡು ಗಂಟೆ ಹೊಡೆಯಿತು. ಮೂರು ಹೊಡೆಯಿತು.

ಮಧ್ಯಾಹ್ನದ ಮೂರು ಗಂಟೆ ಹೇಗಿರುತ್ತದೆಂದು ನಾನು ಮರೆತೇಹೋಗಿದ್ದೆ. ಬಿಸಿಲು ಎದುರು ಗೋಡೆಯ ಇಟ್ಟಿಗೆಯಿಂದ ಇಟ್ಟಿಗೆಗೆ ಹತ್ತುತ್ತಿತ್ತು. ಒಬ್ಬ ಅಂಚೆಯವನು ಸೈಕಲ್ಲು ಗೋಡೆಗೆ ಒರಗಿಸಿ ಒಳಗೆ ಹೋದ, ಹೊರಗೆ ಬಂದ. ನಡುವೆ ಏನೂ ಕಡಿದುಹೋಗಲಿಲ್ಲ. ನಾಲ್ಕಾಯಿತು, ಇಟ್ಟಿಗೆಗಳ ಬಣ್ಣ ಜೇನಿನ ಹಾಗಾಯಿತು, ಆಗಲೂ ನಾನು ಇದ್ದೆ. ಮೈಸೂರಿನಲ್ಲೂ ನಾಲ್ಕು ಹೊಡೆದಾಗ ಶಾರದೆ ದಿನವೂ ಸ್ಕೂಲಿನಿಂದ ಬರುತ್ತಿದ್ದಳು. ನಾನು ಮನೆಯಲ್ಲಿದ್ದ ಭಾನುವಾರಗಳಲ್ಲೂ ಅವಳ ಸಂಜೆಗಳನ್ನು ನೋಡಿದವನಲ್ಲ. ಕಣ್ಣಲ್ಲಿ ನೀರು ಬಂತು.

ಗ್ವೆನ್ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. "ನಿನ್ನದು ಹಿಟ್ಟಲ್ಲ" ಎಂದಳು. ಆ ವಾರ ಅವಳದು ಹಿಟ್ಟು. ಹೇಳಿಕೊಳ್ಳಬಾರದೆಂದು ನಿಯಮವಿತ್ತು, ಆದರೆ ಮುಖಗಳಿಗೆ ನಿಯಮ ತಿಳಿಯುತ್ತದೆಯೇ.

ಪಾಠದ ಕೋಣೆ

ಒಂದು ದಿನ ಪ್ರೊಫೆಸರು ಸಂಕೋಚದಿಂದ ಕೇಳಿದರು. ನಕ್ಕಾಗ ಬೀಳುವುದನ್ನು ವಿದ್ಯಾರ್ಥಿಗಳಿಗೆ ತೋರಿಸಬೇಕು, ಒಮ್ಮೆ ಕಣ್ಣಾರೆ ನೋಡಿದವರು ಮುಂದೆ ಇಂಥ ರೋಗಿಯನ್ನು ಕುಡುಕನೆಂದು ಕಳಿಸುವುದಿಲ್ಲ, ಇಷ್ಟವಿಲ್ಲದಿದ್ದರೆ ಬೇಡ. ನಾನು ಆಗುವುದಿಲ್ಲ ಎಂದೆ. ನನ್ನ ಆಫೀಸಿನಲ್ಲಿ ಬಿದ್ದದ್ದನ್ನು ನೋಡಿದವರೇ ನನಗೆ ಸಾಕಾಗಿತ್ತು. ಗ್ವೆನ್ ಒಪ್ಪಿದಳು.

ಪಾಠದ ಕೋಣೆ ಬಾವಿಯ ಹಾಗೆ ಕೆಳಗಿಳಿಯುವ ಮೆಟ್ಟಿಲುಗಳದು. ತಳದಲ್ಲಿ ಗ್ವೆನ್, ಸುತ್ತ ಮೇಲಿನವರೆಗೆ ಹುಡುಗರ ಮುಖಗಳು. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಪ್ರೊಫೆಸರು ಅವಳಿಗೊಂದು ತಮಾಷೆ ಹೇಳಿದರು. ಅವಳು ನಗಲಿಲ್ಲ. ಇನ್ನೊಂದು ಹೇಳಿದರು. ಅವಳು ಕುರ್ಚಿಯ ಬೆನ್ನನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಹಿಡಿದಿದ್ದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳ ಕಣ್ಣು ತುಂಬಿತು. ಬಸ್ಸಿನಲ್ಲಿ ಬಿದ್ದಾಗ ಸುತ್ತ ನಿಂತಿದ್ದ ಮುಖಗಳನ್ನೇ ಅವಳು ಮತ್ತೆ ನೋಡುತ್ತಿದ್ದಳೆಂದು ನನಗೆ ಗೊತ್ತಾಯಿತು. ಹಾಗಿದ್ದಾಗ ನಗು ಎಲ್ಲಿಂದ ಬರಬೇಕು?

ನಾನು ಯೋಚನೆ ಮಾಡಿ ಎದ್ದವನಲ್ಲ. ನೋಡುವಷ್ಟರಲ್ಲಿ ಅವಳ ಪಕ್ಕ ನಿಂತಿದ್ದೆ. ವಿದ್ಯಾರ್ಥಿಗಳ ಕಡೆಗೆ ಬೆನ್ನು ಮಾಡಿ, ಅವಳೊಬ್ಬಳಿಗೇ ನನ್ನ ಮುರುಕು ಇಂಗ್ಲಿಷಿನಲ್ಲಿ ಹೂಟಗಳ್ಳಿಯ ಕಥೆ ಹೇಳಲು ಶುರುಮಾಡಿದೆ. ನಕ್ಷೆ. ನಿದ್ದೆ. ಎರಡು ಕಡೆ ಬಳುಕಿದ ಹಳ್ಳ. ಬೋರೇಗೌಡರು ಕೈಕಟ್ಟಿ ನಿಂತದ್ದು. "ದಿ ಬಫೆಲೋ ಈಸ್ ವೇಟಿಂಗ್, ಸರ್" ಎಂದೆ.

ಅವಳ ಗದ್ದ ಮೊದಲು ಹೋಯಿತೋ ನನ್ನದೋ ತಿಳಿಯದು. ಇಬ್ಬರೂ ನೆಲದ ಮೇಲಿದ್ದೆವು. ನನ್ನ ಕೆನ್ನೆ ತಣ್ಣಗಿನ ಹಲಗೆಗೆ ಒತ್ತಿತ್ತು. ಒಂದು ಮೊಳ ದೂರದಲ್ಲಿ ಗ್ವೆನ್‌ಳ ಮುಖ. ಕಣ್ಣೀರು ಮೂಗಿನ ಮೇಲಿಂದ ಅಡ್ಡಕ್ಕೆ ಹರಿದು ನೆಲಕ್ಕೆ ಬೀಳುತ್ತಿತ್ತು. ಆ ಕಣ್ಣುಗಳು ಮಾತ್ರ ನಗುತ್ತಿದ್ದವು. ಮೇಲಿನ ಬೆಂಚುಗಳಲ್ಲಿ ಯಾರೂ ಮಿಸುಕಲಿಲ್ಲ. ಪ್ರೊಫೆಸರು ತಗ್ಗಿದ ದನಿಯಲ್ಲಿ, "ಇವರಿಗೆ ಪೂರ್ತಿ ಎಚ್ಚರವಿದೆ. ಕಾಯೋಣ" ಎಂದರು. ಒಬ್ಬ ವಿದ್ಯಾರ್ಥಿ ಮೆಟ್ಟಿಲಿಳಿದು ಬಂದು, ತನ್ನ ಕೋಟು ಮಡಿಸಿ ಗ್ವೆನ್‌ಳ ತಲೆಯ ಕೆಳಗಿಟ್ಟ. ಅದನ್ನು ನೋಡಿ ಇನ್ನೊಬ್ಬ ನನ್ನ ತಲೆಗೆ ಇಟ್ಟ.

ಹೊರಡುವ ದಿನ

ರೋಗದ ಹೆಸರು ಬರೆದ ಕಾಗದವನ್ನು ಪ್ರೊಫೆಸರು ತಾವೇ ತಂದುಕೊಟ್ಟರು. ಗುಳಿಗೆಯನ್ನು ಮೈಸೂರಿನಲ್ಲೂ ಮುಂದುವರಿಸಲು ಡಾಕ್ಟರ್ ನರಹರಿಗೆ ಹೇಳಿದರು. ನಾನು ಜಯಮ್ಮನ ಪ್ರಶ್ನೆ ಕೇಳಿದೆ. ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಕಟ್ಟಿಟ್ಟುಕೊಂಡಿದ್ದ ವಾಕ್ಯ ಅದು.

ಅವರು ಪೈಪನ್ನು ಬಾಯಿಂದ ತೆಗೆದರು. "ಗೊತ್ತಿಲ್ಲ" ಎಂದರು.

ನಾನು ಕೈಯಲ್ಲಿದ್ದ ಕಾಗದವನ್ನು ಮಡಿಸಿದೆ.

"ನಿಜವಾಗಿ ಗೊತ್ತಿಲ್ಲ. ಗೊತ್ತಿದ್ದಿದ್ದರೆ ನಿಮ್ಮನ್ನು ಅಷ್ಟು ದೂರದಿಂದ ಕರೆಸುತ್ತಿರಲಿಲ್ಲ. ಬರಲೂಬಹುದು, ಬಾರದಿರಲೂಬಹುದು. ಬಾರದಿರುವುದೇ ಹೆಚ್ಚು ಎಂದು ನನ್ನ ಊಹೆ. ಊಹೆ ಅಷ್ಟೆ."

ಇದಕ್ಕಾಗಿ ಸಮುದ್ರ ದಾಟಬೇಕಿತ್ತೇ ಎಂದು ಒಂದು ಕ್ಷಣ ಸಿಟ್ಟು ಬಂತು. ಆದರೆ ಅವರ ಮುಖ ನೋಡಿದೆ. ಇಷ್ಟು ಓದಿದ ಮನುಷ್ಯ, ನನ್ನಂಥವನ ಎದುರು ಗೊತ್ತಿಲ್ಲ ಎನ್ನಲು ನಾಚಿಕೊಂಡಿರಲಿಲ್ಲ. ನಮ್ಮ ಕಡೆ ಮಂತ್ರ ಹಾಕುವವರಿಂದ ಹಿಡಿದು ಸಾಹೇಬರವರೆಗೆ, ನನ್ನ ವಿಷಯದಲ್ಲಿ ಗೊತ್ತಿಲ್ಲ ಎಂದವರು ಒಬ್ಬರೂ ಇರಲಿಲ್ಲ.

ಗ್ವೆನ್ ಆಸ್ಪತ್ರೆಯ ಮೆಟ್ಟಿಲವರೆಗೆ ಬಂದಳು. ಕೈಕುಲುಕಿದಳು. ಇಬ್ಬರೂ ಎಚ್ಚರಿಕೆಯಿಂದ ಗಂಭೀರವಾಗಿದ್ದೆವು.

ಮತ್ತೆ ಮೈಸೂರು

ಪ್ರೊಫೆಸರ ಉತ್ತರ ಕೇಳಿ ಜಯಮ್ಮ ಟ್ರಂಕಿನ ಬಟ್ಟೆ ಹೊರಗೆ ತೆಗೆಯತೊಡಗಿದಳು. "ಅಷ್ಟ್ ಓದಿರೋರ್ಗೇ ಗೊತ್ತಿಲ್ವಾ? ಸರಿ, ನಾವೇ ನೋಡ್ಕೊಳಣ ಬುಡಿ" ಎಂದಳು. ಶಾರದೆಗೆ ಈಗ ಹದಿನಾರು. ಇದುವರೆಗೆ ಏನೂ ಇಲ್ಲ. ಪುಸ್ತಕ ಹಿಡಿದು ಅವಳು ಆಕಳಿಸಿದರೆ ನಾವಿಬ್ಬರೂ ಮುಖ ಮುಖ ನೋಡಿಕೊಳ್ಳುತ್ತೇವೆ, ಅಷ್ಟೆ. ಆಫೀಸಿನಲ್ಲಿ ಕಾಗದ ನೋಡಿದ ಮೇಲೆ ಬೆಳಗಿನ ಹೊತ್ತು ಮಾತ್ರ ನನ್ನ ಕೈಗೆ ಪೆನ್ನು ಕೊಡುತ್ತಾರೆ. ಮಧ್ಯಾಹ್ನ ಹಳೆಯ ನಕ್ಷೆಗಳನ್ನು ಜೋಡಿಸುವ ಕೆಲಸ. ಗುಳಿಗೆ ನಿದ್ದೆಯನ್ನು ದೂರ ಇಟ್ಟಿದೆ. ನಗುವಿಗೆ ಅದು ಏನೂ ಮಾಡಿಲ್ಲ.

ಈಚೆಗೆ ಒಂದು ದಿನ ಡಾಕ್ಟರ್ ನರಹರಿ ಆಸ್ಪತ್ರೆಗೆ ಕರೆಸಿದರು. ಹುಣಸೂರಿನ ಕಡೆಯ ಹೆಣ್ಣುಮಗಳು, ಸಣ್ಣಮ್ಮ ಅಂತ. ಇಪ್ಪತ್ತರ ಒಳಗಿನ ವಯಸ್ಸು. ಅಣ್ಣ ಕರೆದುಕೊಂಡು ಬಂದಿದ್ದ.

"ಮದ್ವೆ ಮನೇಲಿ ನಗ್ತಾ ನಗ್ತಾ ಬಿದ್ಬುಡ್ತಾಳೆ ಸ್ವಾಮಿ" ಎಂದ ಅಣ್ಣ. "ಗಾಳಿ ಅಂತ ಬೇವಿನ ಸೊಪ್ಪಲ್ಲಿ ಒಡ್ಸುದ್ವಿ. ನಾಟಕ ಆಡ್ತಾಳೆ ಅಂತಾರೆ ಊರೋರು. ಏನಂತ ಏಳದು ನಮ್ಗೇ ಗೊತ್ತಾಯ್ತಿಲ್ಲ."

ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಡಾಕ್ಟರು ನನಗೆ ಕಣ್ಣಲ್ಲೇ ಸನ್ನೆ ಮಾಡಿದರು. ನಾನು ಹೋಗಿ ಅವಳ ಪಕ್ಕ ನೆಲದ ಮೇಲೆ ಕೂತೆ.

"ನಾನೂ ಬೀಳ್ತೀನಿ ಕಣಮ್ಮ" ಎಂದೆ. "ಆಫೀಸಲ್ಲಿ ಬಿದ್ದಿದೀನಿ. ಸೀಮೇಲೂ ಬಿದ್ದು ಬಂದಿದೀನಿ."

ಅವಳು ಸೆರಗನ್ನು ಮಂಡಿಯ ಮೇಲೆ ಎಳೆದುಕೊಂಡಳು. ಆಮೇಲೆ ತಲೆ ಎತ್ತದೆ ಕೇಳಿದಳು: "ಬಿದ್ದಾಗ ನಿಮ್ಗೆ ಎಲ್ಲಾ ಕೇಳಿಸ್ತದಾ?"

"ಕೇಳಿಸ್ತದೆ."

"ಸುತ್ತ ನಿಂತೋರು ಆಡೋ ಮಾತು?"

"ಒಂದೊಂದ್ ಮಾತೂ ಕೇಳಿಸ್ತದೆ ಕಣಮ್ಮ."

ಅವಳು ಮೊದಲ ಸಲ ತಲೆ ಎತ್ತಿದಳು. ನನ್ನ ಕಡೆಗಲ್ಲ, ಅಣ್ಣನ ಕಡೆಗೆ.

"ಕೇಳುದ್ಯಾ ಅಣ್ಣ?" ಎಂದಳು. "ನೀವು ಅಂದದ್ದೆಲ್ಲ ನಂಗೆ ಕೇಳುಸ್ತಿತ್ತು."

ಅಣ್ಣ ಹೆಗಲ ಮೇಲಿನ ಟವೆಲು ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡು, ಮೆಲ್ಲಗೆ ನಮ್ಮ ಎದುರಿಗೆ ನೆಲದ ಮೇಲೆ ಕೂತ.